ಖಾಲಿ ಪೆಟ್ಟಿಗೆಯ ಬೆಲೆ ಇರುವುದು ಖಾನೆಯಲ್ಲಿ

ಅಮೆರಿಕದ ವೃತ್ತಿಪರ ಮೆಕ್ಯಾನಿಕ್‌ಗಳು ಆಸೆಪಡುವ ಸ್ನ್ಯಾಪ್-ಆನ್ ಕಂಪನಿಯ ದೊಡ್ಡ ಟೂಲ್ ಚೆಸ್ಟ್‌ಗಳ ಬೆಲೆ ಹತ್ತು ಸಾವಿರ ಡಾಲರ್ ದಾಟುತ್ತದೆ. ರೂಪಾಯಿಯಲ್ಲಿ ಎಂಟು ಲಕ್ಷಕ್ಕೂ ಮೇಲೆ. ಅಷ್ಟು ದುಡ್ಡಿಗೆ ಬೆಂಗಳೂರಿನ ಷೋರೂಮಿನಲ್ಲಿ ಹೊಸ ಕಾರೊಂದು ಸಿಗುತ್ತದೆ. ಸ್ನ್ಯಾಪ್-ಆನ್‌ನಲ್ಲಿ ಸಿಗುವುದು ಖಾಲಿ ಪೆಟ್ಟಿಗೆ. ಒಳಗೆ ಒಂದು ಸ್ಕ್ರೂಡ್ರೈವರ್ ಕೂಡ ಇರುವುದಿಲ್ಲ.

ಇದು ಹುಚ್ಚು ಎನ್ನಿಸಬಹುದು. ಆದರೆ ಅಮೆರಿಕದ ಬಹುತೇಕ ವರ್ಕ್‌ಶಾಪ್‌ಗಳಲ್ಲಿ ಸ್ಪಾನರು, ಸಾಕೆಟ್ಟು, ಸುತ್ತಿಗೆಗಳೆಲ್ಲ ಕೆಲಸಗಾರನ ಸ್ವಂತದವು. ಕೆಲಸ ಬಿಟ್ಟು ಬೇರೆಡೆ ಹೋದರೆ ಪೆಟ್ಟಿಗೆಯೂ ಅವನ ಹಿಂದೆ ಹೊರಡುತ್ತದೆ. ಅದೇ ಅವನ ಬಂಡವಾಳ. ಸ್ನ್ಯಾಪ್-ಆನ್ ಹುಟ್ಟಿದ್ದು 1920ರಲ್ಲಿ, ಮಿಲ್ವಾಕಿಯಲ್ಲಿ. ಹತ್ತು ಸಾಕೆಟ್‌ಗಳನ್ನು ಐದು ಹಿಡಿಗಳಿಗೆ ಬದಲಾಯಿಸಿ ಸಿಕ್ಕಿಸಿದರೆ ಐವತ್ತು ಸ್ಪಾನರಿನ ಕೆಲಸ ಆಗುತ್ತದೆ ಎಂದು ಜೋಸೆಫ್ ಜಾನ್ಸನ್ ಲೆಕ್ಕ ಹಾಕಿದ್ದೇ ಅದರ ಮೂಲ. ಇಂದಿಗೂ ಆ ಕಂಪನಿಯ ವ್ಯಾನುಗಳು ಗ್ಯಾರೇಜಿನ ಬಾಗಿಲಿಗೇ ಬರುತ್ತವೆ. ಮೆಕ್ಯಾನಿಕ್ ಅಲ್ಲೇ ಆರಿಸುತ್ತಾನೆ, ವಾರದ ಕಂತಿನಲ್ಲಿ ತೀರಿಸುತ್ತಾನೆ.

ಭಾನುವಾರ ತನ್ನ ಗಾಡಿಯ ಆಯಿಲ್ ತಾನೇ ಬದಲಿಸುವ, ಬ್ರೇಕ್ ಪ್ಯಾಡ್ ತಾನೇ ಹಾಕುವ ಹವ್ಯಾಸಿಗೆ ಈ ಲೆಕ್ಕ ಹೊಂದುವುದಿಲ್ಲ. ಅಂಥವರಿಗಾಗಿ ಅಮೆರಿಕದಲ್ಲಿ ಬೇರೆಯದೇ ಮಾರುಕಟ್ಟೆ ಬೆಳೆಯಿತು. ಸಿಯರ್ಸ್ ಮಳಿಗೆ 1927ರಲ್ಲಿ ಕ್ರಾಫ್ಟ್ಸ್‌ಮನ್ ಹೆಸರನ್ನು ತನ್ನದಾಗಿಸಿಕೊಂಡು ಮಧ್ಯಮ ವರ್ಗದ ಮನೆಗಳಿಗೆ ಉಪಕರಣ ಮಾರಿತು; ಅದರ ಕೆಂಪು ಪೆಟ್ಟಿಗೆಗಳು ಅಪ್ಪನಿಂದ ಮಗನಿಗೆ ದಾಟಿದವು. ಸಿಯರ್ಸ್ ಸೊರಗಿದ ಮೇಲೆ 2017ರಲ್ಲಿ ಆ ಹೆಸರು ಸುಮಾರು 90 ಕೋಟಿ ಡಾಲರ್‌ಗೆ ಸ್ಟ್ಯಾನ್ಲಿ ಬ್ಲ್ಯಾಕ್ ಅಂಡ್ ಡೆಕರ್ ಪಾಲಾಯಿತು. ಈಗ ಹೋಂ ಡಿಪೋದ ಹಸ್ಕಿ, ಹಾರ್ಬರ್ ಫ್ರೈಟ್‌ನ ಯುಎಸ್ ಜನರಲ್ ಮುಂತಾದ ಪೆಟ್ಟಿಗೆಗಳು ಸ್ನ್ಯಾಪ್-ಆನ್‌ನ ಬೆಲೆಯ ಸಣ್ಣ ಪಾಲಿಗೆ ಸಿಗುತ್ತವೆ. ಕ್ಯಾಲಿಫೋರ್ನಿಯಾ, ಟೆಕ್ಸಾಸ್‌ಗಳಲ್ಲಿ ನೆಲೆಸಿದ ಕನ್ನಡಿಗರಲ್ಲಿ ಸ್ವಂತ ಗ್ಯಾರೇಜಿಗೆ ಪೆಟ್ಟಿಗೆ ಕೊಳ್ಳುವವರು ಸಾಮಾನ್ಯವಾಗಿ ಎಡತಾಕುವುದು ಇಂಥ ಅಂಗಡಿಗಳಿಗೇ.

ಅಲ್ಲಾಗಲಿ ಇಲ್ಲಾಗಲಿ, ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಬಣ್ಣ. ಆಮೇಲೆ ಖಾನೆಗಳ ಸಂಖ್ಯೆ. ಇವೆರಡೂ ಮಾರುವವನ ಅನುಕೂಲಕ್ಕೆ ಇರುವ ಸಂಗತಿಗಳು. ಪೆಟ್ಟಿಗೆಯ ಯೋಗ್ಯತೆ ತಿಳಿಯಬೇಕಾದರೆ ಒಂದು ಖಾನೆಯನ್ನು ಪೂರ್ತಿ ಹೊರಗೆಳೆದು ಬದಿಯಲ್ಲಿರುವ ಹಳಿಯನ್ನು ನೋಡಬೇಕು. ಅಗ್ಗದ ಪೆಟ್ಟಿಗೆಯಲ್ಲಿ ತಗಡಿನ ಮೇಲೆ ತಗಡು ಜಾರುತ್ತಿರುತ್ತದೆ. ಖಾಲಿ ಇದ್ದಾಗ ಸರಾಗ, ತುಂಬಿದ ಮೇಲೆ ಎರಡು ಕೈಯಲ್ಲಿ ಎಳೆದರೂ ಬಾರದು. ಒಳ್ಳೆಯದರಲ್ಲಿ ಉಕ್ಕಿನ ಗುಂಡುಗಳ ಮೇಲೆ ಹರಿಯುವ ಬಾಲ್ ಬೇರಿಂಗ್ ಹಳಿ ಇರುತ್ತದೆ. ಮಾಡ್ಯುಲರ್ ಕಿಚನ್ ಮಾಡಿಸಿದವರಿಗೆ ಇದು ಹೊಸದಲ್ಲ, ಬಡಗಿ ‘ಟೆಲಿಸ್ಕೋಪಿಕ್ ಚಾನೆಲ್’ ಎಂದು ಬಿಲ್ಲಿನಲ್ಲಿ ಬರೆಯುವುದು ಇದನ್ನೇ. ಹೆಸರಾಂತ ಪೆಟ್ಟಿಗೆಗಳಲ್ಲಿ ಒಂದು ಜೊತೆ ಹಳಿ ಸುಮಾರು 45 ಕಿಲೊ ತಡೆಯುವಂತೆ ಮಾಡಿರುತ್ತಾರೆ. ಇಷ್ಟೇಕೆ ಎನ್ನುವವರು ಅರ್ಧ ಇಂಚಿನ ಸಾಕೆಟ್ ಸೆಟ್ ಒಂದನ್ನು ತಕ್ಕಡಿಗೆ ಹಾಕಿದರೆ ಸಾಕು. ಅದೊಂದೇ ಐದಾರು ಕಿಲೊ ತೂಗುತ್ತದೆ.

ಖಾನೆ ಎಷ್ಟು ಹೊರಗೆ ಬರುತ್ತದೆ ಎಂಬುದೂ ಮುಖ್ಯ. ಮುಕ್ಕಾಲು ಭಾಗ ಮಾತ್ರ ಬರುವ ಖಾನೆಯ ಹಿಂಬದಿಯಲ್ಲಿ ಬಿದ್ದ ವಾಷರ್ ಮುಂದಿನ ವರ್ಷದವರೆಗೂ ಅಲ್ಲೇ ಇರುತ್ತದೆ.

ಎರಡನೆಯದು ತಗಡಿನ ದಪ್ಪ. ಅಂಗಡಿಯವರು ಇದನ್ನು ಗೇಜ್‌ನಲ್ಲಿ ಹೇಳುತ್ತಾರೆ, ಮತ್ತು ಇಲ್ಲಿ ಸಂಖ್ಯೆ ಹೆಚ್ಚಿದಷ್ಟೂ ತಗಡು ತೆಳು. 18 ಗೇಜ್ ಎಂದರೆ ಸುಮಾರು 1.2 ಮಿಲಿಮೀಟರ್, 20 ಎಂದರೆ 0.9, 22 ಎಂದರೆ 0.7ರ ಆಸುಪಾಸು. ಚೌಕಟ್ಟಿಗೆ 18, ಖಾನೆಗಳಿಗೆ 20 ಇದ್ದರೆ ಮನೆಗೆ ಧಾರಾಳವಾಯಿತು. ತೆಳು ತಗಡಿನ ಪೆಟ್ಟಿಗೆ ಅಂಗಡಿಯಲ್ಲಿ ಗಟ್ಟಿಯಾಗಿಯೇ ಕಾಣುತ್ತದೆ. ಅರವತ್ತು ಎಪ್ಪತ್ತು ಕಿಲೊ ತುಂಬಿಸಿ ಕೊಂಚ ಏರುತಗ್ಗಿನ ನೆಲದ ಮೇಲೆ ನಿಲ್ಲಿಸಿದಾಗ ಚೌಕಟ್ಟು ಓರೆಯಾಗುತ್ತದೆ, ಹಳಿಗಳು ಸಾಲು ತಪ್ಪುತ್ತವೆ, ಖಾನೆಗಳು ಕಚ್ಚಿಕೊಳ್ಳುತ್ತವೆ. ದೂರು ಬರುವುದು ಹಳಿಯ ಮೇಲೆ, ತಪ್ಪು ತಗಡಿನದು. ಮೂಲೆಗಳನ್ನು ಬರೀ ರಿವೆಟ್ ಹೊಡೆದು ಕೂಡಿಸಿದ್ದಾರೋ ವೆಲ್ಡ್ ಮಾಡಿದ್ದಾರೋ ಎಂದು ಬಗ್ಗಿ ನೋಡುವುದು ಇದಕ್ಕಾಗಿಯೇ.

ಚಕ್ರಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅಗಲವಾಗಿರಬೇಕು, ಎರಡಕ್ಕಾದರೂ ಬ್ರೇಕ್ ಇರಬೇಕು, ಸಣ್ಣ ಪ್ಲಾಸ್ಟಿಕ್ ಚಕ್ರಗಳು ಗ್ಯಾರೇಜಿನ ಒಂದು ನಟ್ಟಿಗೇ ಅಡ್ಡಬಿದ್ದು ನಿಲ್ಲುತ್ತವೆ.

ಆದರೆ ಮಗುಚುವ ಅಪಾಯವನ್ನು ಹಾಗೆ ಹಾರಿಸುವಂತಿಲ್ಲ. ತುಂಬಿದ ಪೆಟ್ಟಿಗೆಯ ಮೇಲಿನ ಮೂರು ನಾಲ್ಕು ಖಾನೆಗಳನ್ನು ಒಟ್ಟಿಗೆ ಎಳೆದರೆ ಭಾರದ ಕೇಂದ್ರ ಮುಂದಿನ ಚಕ್ರಗಳಿಂದಾಚೆ ಸರಿದು ಇಡೀ ಪೆಟ್ಟಿಗೆ ಎಳೆದವನ ಮೇಲೆಯೇ ಬೀಳುತ್ತದೆ. ಕೆಲವು ಪೆಟ್ಟಿಗೆಗಳಲ್ಲಿ ಒಂದು ಖಾನೆ ತೆರೆದಿದ್ದಾಗ ಉಳಿದವು ತೆರೆಯದಂಥ ಏರ್ಪಾಟು ಇರುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಅದಕ್ಕೆ ಹೆಚ್ಚು ದುಡ್ಡು ಕೊಡುವುದರಲ್ಲಿ ಅರ್ಥವಿದೆ. ಅದಿಲ್ಲದ ಪೆಟ್ಟಿಗೆಯಲ್ಲಿ ಡ್ರಿಲ್, ಗ್ರೈಂಡರ್, ಜಾಕಿಗಳು ತಳದ ಖಾನೆಗೆ ಹೋಗಬೇಕು. ಕೆಲಸ ಮುಗಿದ ಮೇಲೆ ಬೀಗ ಬೀಳಬೇಕು.

ಅಳತೆ ನೋಡುವಾಗ ಬಹಳ ಜನ ಎಡವುವುದು ಟಾರ್ಕ್ ರೆಂಚ್ ವಿಷಯದಲ್ಲಿ. ಕಾರಿನ ಚಕ್ರದ ನಟ್ಟು ಬಿಗಿಮಾಡುವ ಅರ್ಧ ಇಂಚಿನ ಟಾರ್ಕ್ ರೆಂಚ್ ಅರ್ಧ ಮೀಟರ್‌ನಷ್ಟು ಉದ್ದ. ಬಿಗಿ ನಟ್ಟು ಬಿಚ್ಚುವ ಉದ್ದ ಹಿಡಿ ಇನ್ನೂ ಉದ್ದ. ಖಾನೆಯ ಒಳ ಅಗಲ ಅದಕ್ಕಿಂತ ಕಡಿಮೆಯಿದ್ದರೆ ಮನೆಯ ಅತಿ ನಾಜೂಕಿನ ಉಪಕರಣ ಪೆಟ್ಟಿಗೆಯ ಮೇಲೆ ಧೂಳು ತಿನ್ನುತ್ತದೆ. ಮನೆಯಲ್ಲಿರುವ ಎಲ್ಲವನ್ನೂ ನೆಲದ ಮೇಲೆ ಹರಡಿ, ಅತಿ ಉದ್ದದ್ದನ್ನು ಟೇಪಿನಲ್ಲಿ ಅಳೆದುಕೊಂಡು ಅಂಗಡಿಗೆ ಹೋಗುವುದು ಕ್ಷೇಮ. ಆಳದ ಖಾನೆಗಳು ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬ ನಂಬಿಕೆಯೂ ಸರಿಯಲ್ಲ. ಸ್ಪಾನರು, ಸಾಕೆಟ್ಟುಗಳಿಗೆ ಐದು ಸೆಂಟಿಮೀಟರ್ ಆಳ ಸಾಕು. ಅದಕ್ಕಿಂತ ಆಳವಾದರೆ ಒಂದರ ಮೇಲೊಂದು ಬಿದ್ದು, ಎಲ್ಲವನ್ನೂ ಚೀಲಕ್ಕೆ ತುರುಕಿದ ಹಾಗೆಯೇ ಆಗುತ್ತದೆ.

ಒಂದೇ ಪದರದಲ್ಲಿ ಹರಡಿ ಇಡುವುದರ ಲಾಭ ಬರೀ ಅಚ್ಚುಕಟ್ಟಲ್ಲ. ವಿಮಾನ ರಿಪೇರಿಯವರು ದಪ್ಪ ಫೋಮಿನಲ್ಲಿ ಪ್ರತಿ ಉಪಕರಣದ ಆಕಾರಕ್ಕೆ ಗುಳಿ ಕೊರೆಸುತ್ತಾರೆ. ಮೇಲೆ ಕಪ್ಪು, ಅಡಿಯಲ್ಲಿ ಕೆಂಪೋ ಹಳದಿಯೋ ಬಣ್ಣ. ಒಂದು ಸ್ಪಾನರ್ ವಾಪಸ್ ಬರದಿದ್ದರೆ ಗುಳಿ ಕಣ್ಣಿಗೆ ಹೊಡೆಯುತ್ತದೆ. ಈ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಕ್ವಾಂಟಾಸ್‌ನ ಎ380 ವಿಮಾನವೊಂದು ಉದಾಹರಣೆ. 2023ರ ಡಿಸೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಅದರ ಎಂಜಿನ್ ತಪಾಸಣೆ ನಡೆಯಿತು. ಎಂಜಿನ್ ತಿರುಗಿಸಲು ಬಳಸಿದ 1.25 ಮೀಟರ್ ಉದ್ದದ ನೈಲಾನ್ ಸಾಧನ ಒಳಗೇ ಉಳಿಯಿತು. ಅದು ಪತ್ತೆಯಾಗುವ ಹೊತ್ತಿಗೆ ವಿಮಾನ 34 ಬಾರಿ, ಸುಮಾರು 294 ಗಂಟೆ ಹಾರಿತ್ತು ಎಂದು ಆಸ್ಟ್ರೇಲಿಯಾದ ಸಾರಿಗೆ ಸುರಕ್ಷತಾ ಮಂಡಳಿ ವರದಿ ಮಾಡಿತು. ಮನೆಯ ಗ್ಯಾರೇಜಿನಲ್ಲಿ ಪಣಕ್ಕಿರುವುದು ಅಷ್ಟಲ್ಲ. ಆದರೂ ಬಾನೆಟ್ ಕೆಳಗೆ ಬೆಲ್ಟಿನ ಪಕ್ಕ ಮರೆತ ಒಂದು 10 ಎಂಎಂ ಸ್ಪಾನರ್ ರೇಡಿಯೇಟರನ್ನು ಹಾಳುಮಾಡಬಲ್ಲದು. ಯೋಗದ ಮ್ಯಾಟಿನಂಥ ಫೋಮ್ ಹಾಳೆ, ಒಂದು ಕಟ್ಟರ್ ಇದ್ದರೆ ಈ ಏರ್ಪಾಟನ್ನು ಮನೆಯಲ್ಲೇ ಮಾಡಿಕೊಳ್ಳಬಹುದು.

ಕರ್ನಾಟಕದಲ್ಲಿ ಸ್ವಂತ ಕೈಯಿಂದ ಗಾಡಿ ಬಿಚ್ಚುವವರಲ್ಲಿ ಹಳೆಯ ಬೈಕುಗಳ ಮೋಹಿಗಳದು ದೊಡ್ಡ ಬಳಗ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು; ಅಲ್ಲಿ ತಯಾರಾದ ಜಾವಾ, ಯೆಜ್ಡಿಗಳು ಇನ್ನೂ ಓಡುತ್ತಿವೆ ಎಂದರೆ ಅದರ ಹಿಂದೆ ಎಷ್ಟೋ ಮನೆಗಳ ಷೆಡ್ಡುಗಳಿವೆ. ಯೆಜ್ಡಿಗೆ ಮಿಲಿಮೀಟರ್ ಸ್ಪಾನರ್. ಪಕ್ಕದಲ್ಲೇ ಹಳೆಯ ಬುಲೆಟ್ ನಿಂತಿದ್ದರೆ ಅದರ ಅನೇಕ ನಟ್ಟುಗಳಿಗೆ ಬ್ರಿಟಿಷರ ಕಾಲದ ಇಂಚಿನ ಅಳತೆ ಬೇಕು. ಹತ್ತಿರದ ಅಳತೆಯದನ್ನು ಹಾಕಿ ತಿರುವಿದರೆ ನಟ್ಟಿನ ಮೂಲೆ ಸವೆದು ಉರುಟಾಗುತ್ತದೆ, ಆಮೇಲೆ ಉಳಿ ಸುತ್ತಿಗೆಯೇ ಗತಿ. ಇಂಥ ಮನೆಯಲ್ಲಿ ಎರಡು ಅಳತೆಗಳಿಗೆ ಎರಡು ಖಾನೆ ಮೀಸಲಿಡುವುದು ಶೋಕಿಯಲ್ಲ. ಮ್ಯಾಗ್ನೆಟ್ ಪುಲ್ಲರ್, ಕ್ಲಚ್ ಪುಲ್ಲರ್‌ನಂಥ ಅಪರೂಪದ ಸಾಧನಗಳಿಗೆ ಮೂರನೆಯದು.

ಇಲ್ಲಿನ ಅಂಗಡಿಗಳಲ್ಲಿ ಟೂಲ್ ಚೆಸ್ಟ್ ಎಂದು ಕೇಳುವುದಕ್ಕಿಂತ ‘ಟೂಲ್ ಟ್ರಾಲಿ’ ಎಂದು ಕೇಳಿದರೆ ಬೇಗ ತಿಳಿಯುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆ ಸುತ್ತಮುತ್ತಲಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ನಾಲ್ಕೈದು ಖಾನೆಯ ಟ್ರಾಲಿಗಳೂ, ಎರಡು ಪಕ್ಕಕ್ಕೆ ಮೆಟ್ಟಿಲಿನಂತೆ ತೆರೆದುಕೊಳ್ಳುವ ಕೈಪೆಟ್ಟಿಗೆಗಳೂ ಸಿಗುತ್ತವೆ. ಟಪಾರಿಯಾದಂಥ ಭಾರತೀಯ ಕಂಪನಿಗಳು ಈ ಎರಡನೆಯ ಬಗೆಯನ್ನು ಬಹಳ ಕಾಲದಿಂದ ಮಾರುತ್ತಿವೆ. ಒಂದು ಸ್ಕೂಟರ್, ಒಂದು ಸೈಕಲ್ ಇರುವ ಮನೆಗೆ ಈ ಕೈಪೆಟ್ಟಿಗೆಯೇ ಸಾಕು. ಟ್ರಾಲಿ ಕೊಂಡರೆ ಅರ್ಧ ಖಾನೆಗಳಲ್ಲಿ ಹಳೆಯ ವೈರು, ಸತ್ತ ಸೆಲ್ಲು ಸೇರಿಕೊಳ್ಳುತ್ತವೆ. ಅಪಾರ್ಟ್‌ಮೆಂಟಿನವರು ಕೊಳ್ಳುವ ಮೊದಲು ಸಂಘದ ನಿಯಮ ನೋಡುವುದು ಒಳ್ಳೆಯದು. ಪಾರ್ಕಿಂಗ್ ಜಾಗದಲ್ಲಿ ವಾಹನ ಬಿಟ್ಟು ಬೇರೇನೂ ಇಡಬಾರದು ಎನ್ನುವ ಸಂಘಗಳು ಕಡಿಮೆಯಿಲ್ಲ.

ಕರಾವಳಿಯವರ ಶತ್ರು ಬೇರೆಯೇ. ಗಾಳಿಯ ತೇವಾಂಶ ಶೇ 60 ದಾಟಿದರೆ ಬರಿ ಉಕ್ಕು ತುಕ್ಕು ಹಿಡಿಯುವ ವೇಗ ಹೆಚ್ಚುತ್ತದೆ. ಮಂಗಳೂರು, ಉಡುಪಿಯ ಮಳೆಗಾಲದಲ್ಲಿ ಅದು ತಿಂಗಳುಗಟ್ಟಲೆ ಅದಕ್ಕಿಂತ ಮೇಲೆಯೇ ಇರುತ್ತದೆ, ಜೊತೆಗೆ ಸಮುದ್ರದ ಉಪ್ಪು. ಪೌಡರ್ ಕೋಟಿಂಗ್ ಪೆಟ್ಟಿಗೆಯನ್ನು ಕಾಪಾಡುತ್ತದೆ, ಒಳಗಿನ ಸ್ಪಾನರನ್ನಲ್ಲ. ಹೊಲಿಗೆ ಯಂತ್ರದ ಎಣ್ಣೆ ಸೋಕಿಸಿದ ಬಟ್ಟೆಯಿಂದ ಒರೆಸಿ ಇಡುವುದು, ಖಾನೆಗೊಂದು ಸಿಲಿಕಾ ಜೆಲ್ ಪೊಟ್ಟಣ ಹಾಕುವುದು ಕೆಲಸಕ್ಕೆ ಬರುವ ಉಪಾಯಗಳು. ಅಮೆರಿಕದ ಹಳೆಯ ಯಂತ್ರ ಕೆಲಸಗಾರರಲ್ಲಿ ಪೆಟ್ಟಿಗೆಯೊಳಗೆ ಕರ್ಪೂರದ ಬಿಲ್ಲೆ ಇಡುವ ರೂಢಿಯಿತ್ತು. ಅದು ಎಷ್ಟು ಫಲಕಾರಿ ಎಂಬುದರಲ್ಲಿ ಒಮ್ಮತವಿಲ್ಲ. ನಮ್ಮಲ್ಲಿ ಕರ್ಪೂರಕ್ಕೆ ಬರವಿಲ್ಲವಾದ್ದರಿಂದ ಪರೀಕ್ಷೆ ಅಗ್ಗ. ಆಯುಧ ಪೂಜೆಗೆ ಉಪಕರಣಗಳನ್ನೆಲ್ಲ ಹೊರತೆಗೆದು ತೊಳೆಯುವ ಮನೆಗಳಲ್ಲಿ ಒಂದು ಎಚ್ಚರ ಬೇಕು. ನೀರು, ಕುಂಕುಮ ಮೆತ್ತಿದ ಸ್ಪಾನರನ್ನು ಒಣಗಿಸದೆ ಖಾನೆಗೆ ಹಾಕಿದರೆ ದೀಪಾವಳಿಗೆ ಕೆಂಪು ಬೇರೆ ಕಾರಣಕ್ಕೆ ಕಾಣುತ್ತದೆ.

ಸೆಕೆಂಡ್ ಹ್ಯಾಂಡ್ ಪೆಟ್ಟಿಗೆ ಕೊಳ್ಳುವುದು ಅವಮಾನವಲ್ಲ. ಒಳ್ಳೆಯ ಕಂಪನಿಯ ಹಳೆಯದು ಎಷ್ಟೋ ಸಲ ಅಗ್ಗದ ಹೊಸದಕ್ಕಿಂತ ಮೇಲು. ಪ್ರತಿ ಖಾನೆಯನ್ನೂ ಕೊನೆಯವರೆಗೆ ಎಳೆದು, ಮೇಲೆ ಕೈಯೂರಿ ಒತ್ತಿ ನೋಡಬೇಕು. ಬಣ್ಣ ಕಿತ್ತುಹೋಗಿದ್ದರೆ ಚೌಕಾಸಿಗೆ ಅನುಕೂಲ, ಹಳಿ ಬಾಗಿದ್ದರೆ ವಾಪಸ್ ಬರುವುದು ಲೇಸು. ಕೀ ಕಳೆದಿದ್ದರೆ ಬೀಗದ ಮುಖದ ಮೇಲೆ ಸಂಖ್ಯೆ ಕೊರೆದಿದೆಯೇ ಎಂದು ನೋಡಬೇಕು. ಅದಿದ್ದರೆ ಹೊಸ ಕೀ ಮಾಡಿಸುವುದು ಸುಲಭ. ಒಂದು ಮೀಟರಿಗೂ ಹೆಚ್ಚು ಅಗಲದ ಗಟ್ಟಿ ಪೆಟ್ಟಿಗೆ ಖಾಲಿಯಿದ್ದಾಗಲೇ ನೂರು ಕಿಲೊ ಹತ್ತಿರ ತೂಗುವುದರಿಂದ, ಸಾಗಿಸುವ ಮುನ್ನ ಖಾನೆಗಳನ್ನು ಬಿಡಿಸಿಕೊಳ್ಳುವುದು ಜಾಣತನ. ಬಾಲ್ ಬೇರಿಂಗ್ ಹಳಿಗಳ ಎರಡೂ ಪಕ್ಕಗಳಲ್ಲಿ ಸಾಮಾನ್ಯವಾಗಿ ಬೆರಳಗಲದ ಪ್ಲಾಸ್ಟಿಕ್ ನಾಲಗೆಗಳಿರುತ್ತವೆ. ಒಂದನ್ನು ಮೇಲಕ್ಕೆ, ಇನ್ನೊಂದನ್ನು ಕೆಳಕ್ಕೆ ಒಟ್ಟಿಗೆ ಒತ್ತಿ ಎಳೆದರೆ ಖಾನೆ ಕೈಗೆ ಬರುತ್ತದೆ. ಯಾವುದು ಎಷ್ಟನೆಯದೆಂದು ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡರೆ ಮನೆಗೆ ಬಂದ ಮೇಲೆ ಜೋಡಿಸುವುದು ಹತ್ತು ನಿಮಿಷದ ಕೆಲಸ.