ಮಿದುಳಿನ ಗಡ್ಡೆಯೂ ಅದರ ರಕ್ತನಾಳಗಳೂ

ಮಿದುಳಿನೊಳಗಣ ಗಡ್ಡೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಿಸಿ, ಕಿರಣಚಿಕಿತ್ಸೆಯನ್ನೂ ಮುಗಿಸಿ ಊರಿಗೆ ಮರಳಿದ ರೋಗಿಯನ್ನು ಕೆಲವು ವಾರಗಳ ತರುವಾಯ ಪುನಃ ಪರೀಕ್ಷೆಗೆ ಕರೆಯುವುದು ವಾಡಿಕೆ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆಯವರು ಅದಕ್ಕಾಗಿ ಹುಬ್ಬಳ್ಳಿಗೆ ಹೋಗುವರು. ಇಲ್ಲವೆ ರಾತ್ರಿಯ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯನ್ನು ಸೇರುವರು. ಅಲ್ಲಿ ತೆಗೆದ ಎಂ.ಆರ್.ಐ. ಚಿತ್ರದಲ್ಲಿ ಹಳೆಯ ಗಾಯದ ಅಂಚಿಗೆ ಬಿಳಿಯ ಮಚ್ಚೆಯೊಂದು ಕಂಡಿತೆಂದರೆ ಮನೆಯವರ ಎದೆ ಒಡೆಯುವುದು. ಗಡ್ಡೆ ಮರಳಿ ಬಂದಿತೆ? ಇನ್ನೊಮ್ಮೆ ತಲೆಬುರುಡೆಯನ್ನು ತೆರೆಯಿಸಬೇಕೆ? ಅದಕ್ಕಾಗಿ ಉಳಿದ ಎರಡೆಕರೆ ಹೊಲವನ್ನೂ ಮಾರಬೇಕೆ?

ಆ ಮಚ್ಚೆಯು ಗಡ್ಡೆಯೇ ಆಗಿರಬೇಕೆಂಬ ನಿಯಮವಿಲ್ಲ. ಮಿದುಳಿನ ರಕ್ತನಾಳಗಳ ಗೋಡೆಯು ಬಹು ಬಿಗಿಯಾದುದು. ರಕ್ತದಲ್ಲಿರುವುದನ್ನೆಲ್ಲ ಅದು ಹೊರಗೆ ಬಿಡದು. ಚಿತ್ರ ತೆಗೆಯುವಾಗ ತೋಳಿನ ನಾಳಕ್ಕೆ ಚುಚ್ಚುವ ಗ್ಯಾಡೋಲಿನಿಯಂ ಎಂಬ ಔಷಧವು ಆ ಗೋಡೆ ಕೆಟ್ಟೆಡೆಯಲ್ಲಿ ಮಾತ್ರ ಸೋರಿ ಬೆಳ್ಳಗೆ ತೋರುವುದು. ಗೋಡೆಯನ್ನು ಕೆಡಿಸಿದುದು ಗಡ್ಡೆಯೋ, ಅದನ್ನು ಸುಡುವುದಕ್ಕೆಂದು ಕೊಟ್ಟ ಕಿರಣವೋ ಎಂಬುದನ್ನು ಸೋರಿಕೆಯು ಹೇಳಲಾರದು. ಚಿಕಿತ್ಸೆ ಮುಗಿದ ಮೊದಲ ಮೂರು ತಿಂಗಳಲ್ಲಿ ಈ ಭ್ರಾಂತಿಯು ವಿಶೇಷವಾಗಿ ಉಂಟಾಗುವುದು. ಆದುದರಿಂದ ವೈದ್ಯರು ಇನ್ನೊಂದು ಪ್ರಶ್ನೆಯನ್ನು ಕೇಳುವರು: ಆ ಎಡೆಯಲ್ಲಿ ರಕ್ತವೆಷ್ಟಿದೆ?

ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಅರ್ಬುದಕ್ಕೆ ಹೇಳಿರುವ ಲಕ್ಷಣಗಳಲ್ಲಿ ಅದರ ಬೇರು ಅಲ್ಪವಲ್ಲವೆಂಬುದೂ ಒಂದು. ಆ ಬೇರೆಂದರೆ ರಕ್ತನಾಳವೇ ಎಂದು ಸಾಧಿಸಹೊರಟರೆ ಅದು ವ್ಯಾಖ್ಯಾನದ ಅತಿಯಾದೀತು. ಆದರೂ ಈಚಿನ ಶಾಸ್ತ್ರವನ್ನು ಓದುವಾಗ ಆ ಮಾತು ನೆನಪಾಗದೆ ಇರದು. ಅಮೆರಿಕೆಯ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ 1971ರಲ್ಲಿ ಒಂದು ಸಿದ್ಧಾಂತವನ್ನು ಮಂಡಿಸಿದನು. ಗಡ್ಡೆಯು ಒಂದೆರಡು ಮಿಲಿಮೀಟರನ್ನು ಮೀರಿ ಬೆಳೆಯಬೇಕಾದರೆ ತನಗೆಂದೇ ಹೊಸ ರಕ್ತನಾಳಗಳನ್ನು ಬರಿಸಿಕೊಳ್ಳಬೇಕೆಂಬುದೇ ಅದು. ಪ್ರಾಣವಾಯು ಸಾಲದೆ ಹಸಿದ ಜೀವಕೋಶಗಳು ಒಂದು ಬಗೆಯ ದ್ರವ್ಯವನ್ನು ಸ್ರವಿಸಿ, ನೆರೆಯ ನಾಳಗಳು ತಮ್ಮ ಕಡೆಗೆ ಕವಲೊಡೆಯುವಂತೆ ಮಾಡುವುವೆಂದು ಮುಂದೆ ಗೊತ್ತಾಯಿತು.

ತುಂಗಭದ್ರೆಯ ಎಡದಂಡೆ ಕಾಲುವೆಯನ್ನು ಬಲ್ಲ ಗಂಗಾವತಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲ್ಭಾಗದಲ್ಲಿ ಯಾರೋ ಅಪ್ಪಣೆಯಿಲ್ಲದೆ ಕಾಲುವೆಗೆ ಪಂಪು ಹಚ್ಚಿದರೆ ಅವರ ಗದ್ದೆ ಹಸುರಾಗುವುದು, ಕೆಳಭಾಗದವರ ಪೈರು ಒಣಗುವುದು. ಗಡ್ಡೆಯ ನಾಳಗಳೂ ಇಂತಹ ಕಳ್ಳಕಾಲುವೆಗಳೇ. ವಕ್ರವಾದುವು, ಅಳತೆಗೆಟ್ಟುವು, ಸೋರತಕ್ಕವು. ಕಿರಣದಿಂದ ಸತ್ತ ಭಾಗದಲ್ಲಾದರೋ ಕಾಲುವೆಗಳೇ ಬತ್ತಿರುವುವು.

ಈ ಭೇದವನ್ನು ಅಳೆಯುವ ಉಪಾಯಕ್ಕೆ ಪರ್ಫ್ಯೂಜನ್ ಎಂ.ಆರ್.ಐ. ಎಂದು ಹೆಸರು. ಔಷಧವನ್ನು ನಾಳಕ್ಕೆ ರಭಸದಿಂದ ಬಿಟ್ಟು, ಒಂದೆರಡು ಸೆಕೆಂಡಿಗೊಂದರಂತೆ ಮಿದುಳಿನ ಚಿತ್ರಗಳನ್ನು ಸುಮಾರು ಎರಡು ನಿಮಿಷ ತೆಗೆಯುತ್ತ ಹೋಗುವರು. ಕಾಲುವೆಯ ತಲೆಯಲ್ಲಿ ಬಣ್ಣ ಕದಡಿ, ಯಾವ ತೂಬಿನಲ್ಲಿ ಎಷ್ಟು ಬಣ್ಣ ಹಾದುಹೋಯಿತೆಂದು ನೋಡಿದಂತೆ ಇದು. ಔಷಧವು ಹಾಯುವಾಗ ಚಿತ್ರವು ಒಂದು ಕ್ಷಣ ಕಪ್ಪಾಗಿ ಮತ್ತೆ ತಿಳಿಯಾಗುವುದು. ಎಷ್ಟು ಕಪ್ಪಾಯಿತು, ಎಷ್ಟು ಹೊತ್ತು ಕಪ್ಪಾಗಿತ್ತು ಎಂಬುದರಿಂದ ಅಲ್ಲಿಯ ರಕ್ತಪ್ರಮಾಣವನ್ನು ಗಣಕಯಂತ್ರವು ಲೆಕ್ಕಹಾಕುವುದು. ಅದನ್ನು ತಲೆಯ ಮತ್ತೊಂದು ಪಕ್ಕದ ಆರೋಗ್ಯವಾದ ಭಾಗಕ್ಕೆ ಹೋಲಿಸುವರು. ಹಲವು ಪಟ್ಟು ಹೆಚ್ಚಿದ್ದರೆ ಗಡ್ಡೆ ಜೀವಂತವಾಗಿದೆಯೆಂಬ ಸಂಶಯ ಬಲಿಯುವುದು; ಕಡಿಮೆಯಿದ್ದರೆ ಕಿರಣದ ಗಾಯವೆಂದು ಊಹಿಸಿ, ಕೆಲವು ವಾರ ಕಾದು ಮತ್ತೊಂದು ಚಿತ್ರ ತೆಗೆಯಬಹುದು. 1927ರಲ್ಲಿ ಲಿಸ್ಬನ್ನಿನ ಎಗಾಸ್ ಮೋನಿಜ್ ಎಂಬ ವೈದ್ಯನು ಕುತ್ತಿಗೆಯ ಧಮನಿಗೆ ಔಷಧ ಚುಚ್ಚಿ, ಎಕ್ಸ್‌ರೇ ಚಿತ್ರದಲ್ಲಿ ಮಿದುಳಿನ ನಾಳಗಳನ್ನು ಮೊದಲು ಕಾಣಿಸಿದನು. ಆಗ ಕಂಡುದು ದೊಡ್ಡ ನಾಳಗಳ ಆಕಾರ ಮಾತ್ರ. ಕಣ್ಣಿಗೆ ಕಾಣದ ಸೂಕ್ಷ್ಮನಾಳಗಳ ರಕ್ತವನ್ನು ಅಳೆಯುವುದಕ್ಕೆ ಅನೇಕ ದಶಕಗಳು ಕಾಯಬೇಕಾಯಿತು.

ಹೀಗೆಂದು ಈ ಅಳತೆಯನ್ನೇ ಕಡೆಯ ತೀರ್ಪೆಂದು ನಂಬಲಾಗದು. ಮಿದುಳಿನ ಹೊದಿಕೆಯಲ್ಲಿ ಬೆಳೆಯುವ ಮೆನಿಂಜಿಯೋಮಾ ಎಂಬುದು ಬಹುಮಟ್ಟಿಗೆ ಸೌಮ್ಯವಾದ ಗಡ್ಡೆ. ಆದರೂ ರಕ್ತನಾಳಗಳಿಂದ ತುಂಬಿರುವುದು. ಔಷಧವು ಅತಿಯಾಗಿ ಸೋರಿದಲ್ಲಿ, ಹಳೆಯ ರಕ್ತ ಹೆಪ್ಪುಗಟ್ಟಿದಲ್ಲಿ ಲೆಕ್ಕ ತಪ್ಪುವುದುಂಟು. ಸಂಶಯ ತೀರದಿದ್ದರೆ ಒಂದು ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡದೆ ಗತ್ಯಂತರವಿಲ್ಲ. ಇನ್ನೂ ವಿಚಿತ್ರವಾದ ಸಂಗತಿಯೊಂದಿದೆ. ಹೊಸ ನಾಳಗಳನ್ನು ತಡೆಯುವ ಬೆವಾಸಿಜುಮ್ಯಾಬ್ ಎಂಬ ಔಷಧಕ್ಕೆ 2009ರಲ್ಲಿ, ಮರುಕಳಿಸಿದ ಗ್ಲಯೋಬ್ಲಾಸ್ಟೋಮಾ ಎಂಬ ಉಗ್ರ ಗಡ್ಡೆಯ ಚಿಕಿತ್ಸೆಗಾಗಿ ಅಮೆರಿಕೆಯಲ್ಲಿ ಅನುಮತಿ ದೊರೆಯಿತು. ಅದನ್ನು ಕೊಟ್ಟ ಕೆಲವೇ ದಿನಗಳಲ್ಲಿ ಬಿಳಿಯ ಮಚ್ಚೆ ಕುಗ್ಗುವುದು, ಬಾವು ಇಳಿಯುವುದು. ಮನೆಯವರು ಹರಕೆ ಒಪ್ಪಿಸುವಷ್ಟು ಹಿಗ್ಗುವರು. ಆದರೆ ರೋಗದ ಆರಂಭದಲ್ಲಿಯೇ ಅದನ್ನು ಕೊಟ್ಟು ನೋಡಿದ ಎರಡು ದೊಡ್ಡ ಪರೀಕ್ಷೆಗಳ ಫಲ 2014ರಲ್ಲಿ ಪ್ರಕಟವಾದಾಗ, ರೋಗಿಗಳ ಒಟ್ಟು ಆಯುಸ್ಸು ಅದರಿಂದ ಹೆಚ್ಚಿದಂತೆ ಕಾಣಲಿಲ್ಲ. ಸೋರಿಕೆ ನಿಂತರೂ ಗಡ್ಡೆಯು ಹಳೆಯ ನಾಳಗಳ ಬದಿಯನ್ನೇ ಹಿಡಿದು ಹರಿದಾಡಬಲ್ಲದು.

ಪರೀಕ್ಷೆಗೆ ಹೊರಡುವ ಮನೆಯವರು ವರದಿಯ ಕಾಗದವನ್ನಷ್ಟೇ ಅಲ್ಲ, ಹಿಂದಿನ ಎಲ್ಲ ಚಿತ್ರಗಳ ಸಿ.ಡಿ.ಗಳನ್ನೂ ಕೂಡಿಸಿ ಒಯ್ಯತಕ್ಕದ್ದು. ಹೋಲಿಸುವುದಕ್ಕೆ ಹಳೆಯದಿಲ್ಲದಿದ್ದರೆ ಹೊಸದರ ಬೆಲೆ ಅರ್ಧ. ಕಿರಣಚಿಕಿತ್ಸೆ ಮುಗಿದ ತಾರೀಖನ್ನೂ, ನುಂಗುತ್ತಿರುವ ಮಾತ್ರೆಗಳ ಹೆಸರುಗಳನ್ನೂ ಬರೆದಿಟ್ಟುಕೊಳ್ಳಬೇಕು. ಮಚ್ಚೆಯಿದೆಯೆಂದು ಹೇಳಿದಾಗ, ಅಲ್ಲಿಯ ರಕ್ತಪ್ರಮಾಣವನ್ನು ಅಳೆದು ನೋಡಿದಿರಾ ಎಂದು ವಿನಯದಿಂದ ಕೇಳುವುದರಲ್ಲಿ ತಪ್ಪೇನೂ ಇಲ್ಲ. ಮೂತ್ರಪಿಂಡದ ರೋಗವುಳ್ಳವರು ಅದನ್ನು ಮೊದಲೇ ತಿಳಿಸಬೇಕು. ಅಂಥವರಿಗೆ ಗ್ಯಾಡೋಲಿನಿಯಂ ಕೊಡುವ ಮುನ್ನ ವೈದ್ಯರು ಯೋಚಿಸುವರು. ಔಷಧವೇ ಇಲ್ಲದೆ, ಕುತ್ತಿಗೆಯಲ್ಲಿ ಹರಿಯುವ ರಕ್ತದ ನೀರಿಗೆ ಕಾಂತಶಕ್ತಿಯಿಂದ ಗುರುತು ಹಾಕಿ, ಅದು ಮಿದುಳಿನಲ್ಲಿ ಎಲ್ಲಿಗೆ ಎಷ್ಟು ಸೇರಿತೆಂದು ಅಳೆಯುವ ವಿಧಾನವೊಂದೂ ಉಂಟು.