ಮೈಕ್ ಶಾಕ್ ಹೊಡೆಯುವುದೇಕೆ? ಸೌಂಡ್ ತಂತ್ರಜ್ಞರ ಚೀಲದಲ್ಲಿ ಇರಬೇಕಾದ್ದೇನು?

ಕಾರ್ಯಕ್ರಮ ಶುರುವಾಗಲು ಇನ್ನು ಹತ್ತೇ ನಿಮಿಷ. ಕಲ್ಯಾಣ ಮಂಟಪದ ಸ್ಪೀಕರುಗಳಿಂದ ‘ಗುಂಯ್’ ಎನ್ನುವ ಸದ್ದು ನಿಲ್ಲುತ್ತಲೇ ಇಲ್ಲ. ಅಷ್ಟರಲ್ಲಿ ಅನುಭವಸ್ಥರೊಬ್ಬರು ಬಂದು ಕೀಬೋರ್ಡಿನ ಪ್ಲಗ್ ಎಳೆಯುತ್ತಾರೆ, ಕಟಿಂಗ್ ಪ್ಲೇಯರಿನಿಂದ ಅದರ ದಪ್ಪನೆಯ ಮೂರನೇ ಪಿನ್ನನ್ನು ಕಿತ್ತು ಮತ್ತೆ ಸಿಕ್ಕಿಸುತ್ತಾರೆ. ಸದ್ದು ಮಾಯ! ಎಲ್ಲರಿಗೂ ಸಮಾಧಾನ. ‘ಗುಂಯ್ ಅಂದ್ರೆ ಅರ್ತ್ ತೆಗಿ’ ಎನ್ನುವುದು ಈ ಕಸುಬಿನಲ್ಲಿ ಬಾಯಿಂದ ಬಾಯಿಗೆ ಬಂದಿರುವ ಪಾಠ.

ಈ ಪಾಠದಲ್ಲಿ ಅರ್ಧ ಸತ್ಯವಿದೆ. ಅದಕ್ಕೇ ಅದು ಅಪಾಯಕಾರಿ.

ಮೊದಲು ಆ ಸದ್ದು ಎಲ್ಲಿಂದ ಬರುತ್ತದೆ ನೋಡೋಣ. ವೇದಿಕೆಯ ಮೇಲಿನ ಕೀಬೋರ್ಡ್ ಒಂದು ಸಾಕೆಟ್ಟಿನಿಂದ ಕರೆಂಟ್ ಪಡೆಯುತ್ತದೆ, ಸಭಾಂಗಣದ ಹಿಂದಿರುವ ಮಿಕ್ಸರ್ ಇನ್ನೊಂದರಿಂದ. ಎರಡಕ್ಕೂ ಅರ್ತ್ ಇದೆ. ಇವೆರಡರ ನಡುವೆ ಆಡಿಯೊ ಕೇಬಲ್ ಎಳೆದಾಗ ಅದರ ಹೊರಕವಚದ ಲೋಹದ ಜಾಲರಿಯೂ ಎರಡು ಅರ್ತ್‌ಗಳನ್ನು ಜೋಡಿಸುತ್ತದೆ. ಅಲ್ಲಿಗೆ ಗೋಡೆಯೊಳಗಿನ ಅರ್ತ್ ತಂತಿ ಮತ್ತು ಈ ಜಾಲರಿ ಸೇರಿ ಒಂದು ದೊಡ್ಡ ಬಳೆಯಂತಾಯಿತು. ಎರಡು ಕಡೆಯ ಅರ್ತ್‌ಗಳ ನಡುವೆ ಸಣ್ಣದೊಂದು ವೋಲ್ಟೇಜ್ ವ್ಯತ್ಯಾಸವಿದ್ದರೂ ಸಾಕು, ಈ ಬಳೆಯಲ್ಲಿ ಕರೆಂಟ್ ಸುತ್ತತೊಡಗುತ್ತದೆ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಬಾರಿ ಹಿಂದೆ ಮುಂದೆ ಹರಿಯುವುದರಿಂದ, 50 ಹರ್ಟ್ಸ್ ಮತ್ತು ಅದರ ಗುಣಕಗಳ ಸದ್ದು ಹಾಡಿನ ಜೊತೆ ಬೆರೆಯುತ್ತದೆ. ಇದೇ ‘ಗ್ರೌಂಡ್ ಲೂಪ್’. ಅರ್ತ್ ಪಿನ್ ಕಿತ್ತರೆ ಬಳೆ ತುಂಡಾಗುತ್ತದೆ, ಸದ್ದು ನಿಲ್ಲುತ್ತದೆ. ಇಲ್ಲಿಯವರೆಗೂ ಎಲ್ಲ ಸರಿ.

ಆದರೆ ಆ ಪಿನ್ ಇರುವುದು ಸದ್ದಿಗಾಗಿ ಅಲ್ಲ. ಪ್ಲಗ್ಗಿನಲ್ಲಿ ಅದು ಉಳಿದ ಎರಡಕ್ಕಿಂತ ಉದ್ದವಾಗಿರುವುದನ್ನು ಗಮನಿಸಿದ್ದೀರಾ? ಸಿಕ್ಕಿಸುವಾಗ ಅರ್ತ್ ಮೊದಲು ತಾಗಬೇಕು, ಕೀಳುವಾಗ ಕೊನೆಗೆ ಬಿಡಬೇಕು ಎಂಬ ಲೆಕ್ಕಾಚಾರ ಅದು. ಉಪಕರಣದ ಒಳಗೆ ಫೇಸ್ ತಂತಿ ಕಳಚಿ ಲೋಹದ ಪೆಟ್ಟಿಗೆಗೆ ತಾಗಿದರೆ, ಕರೆಂಟ್ ಅರ್ತ್ ತಂತಿಯ ಮೂಲಕ ಧಾರಾಳವಾಗಿ ಹರಿದು ಫ್ಯೂಸ್ ಹಾರಿಸಬೇಕು. ಪಿನ್ ಇಲ್ಲದಿದ್ದರೆ ಏನೂ ಆಗುವುದಿಲ್ಲ. ಪೆಟ್ಟಿಗೆ 230 ವೋಲ್ಟ್ ಇಟ್ಟುಕೊಂಡು ಸುಮ್ಮನೆ ಕಾಯುತ್ತಿರುತ್ತದೆ. ಒಂದು ಕೈ ಗಿಟಾರಿನ ತಂತಿಯ ಮೇಲೆ, ತುಟಿ ಮೈಕಿನ ಜಾಲರಿಗೆ ತಾಗುವ ಗಾಯಕನೇ ಆಗ ಅರ್ತ್ ತಂತಿ! ಬೆವರಿದ ಮೈಯ ಪ್ರತಿರೋಧ ಸುಮಾರು 1000 ಓಮ್ ಎಂದಿಟ್ಟುಕೊಂಡರೂ 230 ಮಿಲಿಆಂಪಿಯರ್ ಹರಿಯಬಹುದು. ಹೃದಯದ ಲಯ ತಪ್ಪಿಸಲು ಇದರ ಅರ್ಧವೂ ಸಾಕು. 1972ರಲ್ಲಿ ಬ್ರಿಟನ್ನಿನ ಸ್ವಾನ್ಸಿಯಲ್ಲಿ ‘ಸ್ಟೋನ್ ದ ಕ್ರೋಸ್’ ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ ವೇದಿಕೆಯ ಮೇಲೆಯೇ ಸತ್ತದ್ದು ಸರಿಯಾಗಿ ಅರ್ತ್ ಆಗಿರದ ಮೈಕ್ ಮುಟ್ಟಿ.

‘ಶಾಕ್ ಬಂದದ್ದು ಮೈಕಿನ ಫ್ಯಾಂಟಮ್ ಪವರಿನಿಂದ’ ಎನ್ನುವವರೂ ಇದ್ದಾರೆ. ಪಾಪ, ಅದು ನಿರಪರಾಧಿ. 48 ವೋಲ್ಟಿನ ಆ ವಿದ್ಯುತ್ತು ದೊಡ್ಡ ರೆಸಿಸ್ಟರುಗಳ ಮೂಲಕ ಬರುವುದರಿಂದ ಕೆಲವೇ ಮಿಲಿಆಂಪಿಯರ್ ಕೊಡಬಲ್ಲದು. ಮೈಕಿನ ಹೊರಮೈಗಂತೂ ಅದು ಬರುವುದೇ ಇಲ್ಲ. ಸಣ್ಣಗೆ ಚುರುಗುಟ್ಟುವುದಕ್ಕೆ ಬೇರೆ ಕಾರಣವಿದೆ. ಇಂದಿನ ಅಡಾಪ್ಟರುಗಳ ಒಳಗೆ ವಿದ್ಯುತ್ ಗಲಾಟೆ ತಗ್ಗಿಸುವ ಪುಟ್ಟ ಕೆಪಾಸಿಟರುಗಳು ಇರುತ್ತವೆ. ಅರ್ತ್ ಇಲ್ಲದಿದ್ದರೆ ಅವುಗಳಿಂದಾಗಿ ಲೋಹದ ಮೈ ಸುಮಾರು ಅರ್ಧ ವೋಲ್ಟೇಜಿನಲ್ಲಿ, ಅಂದರೆ 110 ವೋಲ್ಟಿನ ಆಸುಪಾಸಿನಲ್ಲಿ ತೇಲುತ್ತದೆ. ಸಿಗುವ ಕರೆಂಟ್ ಅತ್ಯಲ್ಪ, ಚುರುಗುಟ್ಟಿಸುತ್ತದೆ ಅಷ್ಟೆ. ಆದರೆ ಚುರುಗುಟ್ಟಿದ್ದು ಇದರಿಂದಲೋ, ನಿಜವಾದ ಲೀಕೇಜಿನಿಂದಲೋ ಎಂದು ಬೆರಳಿಗೆ ತಿಳಿಯುವುದಿಲ್ಲ.

ಇಲ್ಲೇ ತಂತ್ರಜ್ಞರ ಚೀಲದ ಮಾತು ಬರುವುದು. ಒಂದೇ ಸಂಸ್ಥೆಯಲ್ಲಿ ದುಡಿಯುವವರಿಗೆ ತಮ್ಮ ವೈರಿಂಗ್ ಗೊತ್ತಿರುತ್ತದೆ. ಸ್ವತಂತ್ರವಾಗಿ ಕೆಲಸ ಹಿಡಿಯುವವರಿಗೆ ಇವತ್ತು ಮದುವೆ ಛತ್ರ, ನಾಳೆ ಗಣೇಶನ ಪೆಂಡಾಲ್, ನಾಡಿದ್ದು ಕಾಲೇಜಿನ ಮೈದಾನ. ಸ್ಪೀಕರು ಬಾಡಿಗೆಯದ್ದು, ಲೈನು ಇನ್ಯಾರೋ ಎಳೆದದ್ದು. ನಂಬಬಹುದಾದ್ದು ತನ್ನ ಚೀಲವೊಂದನ್ನೇ.

ಅದರಲ್ಲಿ ಮೊದಲ ಸ್ಥಾನ ಮಲ್ಟಿಮೀಟರಿಗೆ. ಟೆಸ್ಟರ್ ಸಾಲದೇ? ಸಾಲದು. ನಿಯಾನ್ ಟೆಸ್ಟರ್ ಬೆಳಗುವುದು ನಿಮ್ಮ ದೇಹದ ಮೂಲಕ ಹರಿಯುವ ಅತಿ ಸಣ್ಣ ಕರೆಂಟಿನಿಂದ. ಫೇಸ್ ಇದೆ ಎಂದಷ್ಟೇ ಅದು ಹೇಳಬಲ್ಲದು. ಅರ್ತ್ ಇದೆಯೋ ಇಲ್ಲವೋ ಅದಕ್ಕೆ ಗೊತ್ತಾಗದು. ಬಿಸಿಲಿನಲ್ಲಿ ಬೆಳಕೇ ಕಾಣುವುದಿಲ್ಲ. ಮಲ್ಟಿಮೀಟರಿನಲ್ಲಾದರೆ ಎಸಿ ವೋಲ್ಟಿಗೆ ತಿರುಗಿಸಿ ಮೂರು ಅಳತೆ: ಫೇಸ್–ನ್ಯೂಟ್ರಲ್ ನಡುವೆ ಸುಮಾರು 230, ಫೇಸ್–ಅರ್ತ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್–ಅರ್ತ್ ನಡುವೆ ಕೆಲವೇ ವೋಲ್ಟ್. ಎರಡನೆಯದು 60, 90 ಎಂದೇನೋ ಅಡ್ಡಾದಿಡ್ಡಿ ತೋರಿಸಿದರೆ ಆ ಸಾಕೆಟ್ಟಿನ ಮೂರನೇ ತೂತು ಬರೀ ಅಲಂಕಾರಕ್ಕಿದೆ ಎಂದರ್ಥ. 230 ತೋರಿಸಿದರೂ ಅರ್ತ್ ಗಟ್ಟಿಯಾಗಿದೆ ಎಂಬುದಕ್ಕೆ ಅದು ಪೂರ್ತಿ ಪುರಾವೆಯಲ್ಲ. ತುಕ್ಕು ಹಿಡಿದ ಸಣ್ಣ ತಂತಿಯಲ್ಲೂ ಮೀಟರು ಹಾಗೇ ತೋರಿಸುತ್ತದೆ. ಜನರೇಟರ್ ಲೈನಿನಲ್ಲಿ ನ್ಯೂಟ್ರಲ್ಲನ್ನು ಅರ್ತಿಗೆ ಜೋಡಿಸಿರದಿದ್ದರೆ ಈ ಲೆಕ್ಕವೇ ಬೇರೆಯಾಗುತ್ತದೆ, ಅಲ್ಲಿ ಎಲೆಕ್ಟ್ರಿಷಿಯನ್ನನ್ನು ಕೇಳಿಯೇ ಮುಂದುವರಿಯಬೇಕು.

ಈ ಮೂರು ಅಳತೆ ಸಾಮಾನನ್ನೂ ಉಳಿಸುತ್ತದೆ. ಪೆಂಡಾಲುಗಳಿಗೆ ತ್ರೀ ಫೇಸ್ ಲೈನಿನಿಂದ ಕರೆಂಟ್ ಹಂಚುವಾಗ ನ್ಯೂಟ್ರಲ್ ಸಡಿಲವಾದರೆ, ಎರಡು ಫೇಸ್‌ಗಳ ನಡುವಿನ 400 ವೋಲ್ಟ್ ಉಪಕರಣಗಳ ಮೇಲೆ ಹಂಚಿಹೋಗುತ್ತದೆ. ಕಡಿಮೆ ಲೋಡ್ ಇರುವ ಕಡೆಗೇ ಹೆಚ್ಚು ಪಾಲು. ದೀಪಾಲಂಕಾರ ಒಂದು ಕಡೆ, ಪುಟ್ಟ ಮಿಕ್ಸರ್ ಇನ್ನೊಂದು ಕಡೆ ಇದ್ದರೆ ಸುಡುವುದು ಮಿಕ್ಸರೇ. ಹಾಗಾಗಿ ಪ್ಲಗ್ ಹಾಕುವ ಮುನ್ನ ಒಮ್ಮೆ, ಲೈಟುಗಳೆಲ್ಲ ಹೊತ್ತಿದ ಮೇಲೆ ಇನ್ನೊಮ್ಮೆ ಅಳೆಯಬೇಕು. ಒಂದು ಎಚ್ಚರಿಕೆ: ಹಿಂದಿನ ದಿನ ಕರೆಂಟ್ ಅಳೆದು ಮೀಟರಿನ ಕೆಂಪು ತಂತಿಯನ್ನು 10 ಆಂಪಿಯರ್ ತೂತಿನಲ್ಲೇ ಬಿಟ್ಟು ಸಾಕೆಟ್ಟಿಗೆ ಚುಚ್ಚಿದರೆ ಅದು ನೇರ ಶಾರ್ಟ್ ಸರ್ಕ್ಯೂಟ್. ಕೈ ಸುಟ್ಟುಕೊಳ್ಳುವುದು ಹೀಗೇ.

ಎರಡನೆಯದು, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಅಳವಡಿಸಿದ ಸ್ವಂತ ಎಕ್ಸ್‌ಟೆನ್ಶನ್ ಬೋರ್ಡ್. ಹೋದ ಕರೆಂಟ್ ಪೂರ್ತಿ ವಾಪಸು ಬರದೆ ಎಲ್ಲೋ ಸೋರಿದರೆ ಇದು ಕ್ಷಣಾರ್ಧದಲ್ಲಿ ಲೈನ್ ಕಡಿಯುತ್ತದೆ.

ಹಾಗಾದರೆ ‘ಗುಂಯ್’ ಸದ್ದಿಗೆ ಏನು ಮಾಡುವುದು? ಬಳೆಯನ್ನು ಕರೆಂಟಿನ ಕಡೆಯಲ್ಲಿ ಅಲ್ಲ, ಆಡಿಯೊ ಕಡೆಯಲ್ಲಿ ತುಂಡರಿಸಬೇಕು. ಅದಕ್ಕೆಂದೇ ಇರುವುದು ಡಿಐ ಬಾಕ್ಸ್. ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸಿನಲ್ಲಿ ಹಾಡು ಒಂದು ಸುರುಳಿಯಿಂದ ಇನ್ನೊಂದಕ್ಕೆ ಕಾಂತಕ್ಷೇತ್ರದ ಮೂಲಕ ದಾಟುತ್ತದೆ, ತಂತಿಯ ಸಂಪರ್ಕ ಬೇಕಿಲ್ಲ. ಅದರ ಮೇಲಿರುವ ‘ಗ್ರೌಂಡ್ ಲಿಫ್ಟ್’ ಸ್ವಿಚ್ಚು ಕೇಬಲ್ಲಿನ ಜಾಲರಿಯನ್ನು ಮಾತ್ರ ಬಿಡಿಸುತ್ತದೆ, ಪ್ಲಗ್ಗಿನ ಅರ್ತನ್ನಲ್ಲ. ಚಾರ್ಜರ್ ಹಾಕಿದಾಗ ಗುಂಯ್ ಎಂದು, ಕಿತ್ತಾಗ ಸುಮ್ಮನಾಗುವ ಲ್ಯಾಪ್‌ಟಾಪಿಗೂ ಇದೇ ಮದ್ದು. ಅದಕ್ಕೂ ಮೊದಲು ಕಾಸು ಖರ್ಚಿಲ್ಲದ ಉಪಾಯವೊಂದಿದೆ: ವೇದಿಕೆಯ ಒಂದೇ ಸಾಕೆಟ್ಟಿನಿಂದ ಮಿಕ್ಸರಿಗೂ ಲೈನ್ ಎಳೆಯಿರಿ. ಎರಡಕ್ಕೂ ಅರ್ತ್ ಒಂದೇ ಆದಾಗ ವ್ಯತ್ಯಾಸವೇ ಉಳಿಯುವುದಿಲ್ಲ. ಉದ್ದದ ದೂರಕ್ಕೆ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲ್ಲೇ ಇರಲಿ. ಅದರಲ್ಲಿ ಒಂದೇ ಹಾಡು ಎರಡು ತಂತಿಗಳಲ್ಲಿ ಒಂದಕ್ಕೊಂದು ತಲೆಕೆಳಗಾಗಿ ಸಾಗುತ್ತದೆ. ಮಿಕ್ಸರ್ ಎರಡರ ವ್ಯತ್ಯಾಸವನ್ನಷ್ಟೇ ತೆಗೆದುಕೊಳ್ಳುವುದರಿಂದ, ದಾರಿಯಲ್ಲಿ ಎರಡಕ್ಕೂ ಸಮನಾಗಿ ಅಂಟಿದ ಗದ್ದಲ ಕಳೆದುಹೋಗುತ್ತದೆ.

ಉಳಿದವು ಚಿಕ್ಕಪುಟ್ಟವು: ಎಚ್‌ಡಿಎಂಐ ಕೇಬಲ್ ಮತ್ತು ಲ್ಯಾಪ್‌ಟಾಪಿಗೆ ಬೇಕಾದ ಅಡಾಪ್ಟರುಗಳು, ತಲೆಗೆ ಕಟ್ಟುವ ಟಾರ್ಚ್, ಬಟ್ಟೆಯ ಗಾಫರ್ ಟೇಪ್. ನೆಲದ ಮೇಲಿನ ಕೇಬಲ್ಲಿಗೆ ಈ ಟೇಪ್ ಹಾಕದಿದ್ದರೆ ಎಡವಿ ಬೀಳುವವರು ಯಾರಾದರೂ ಇದ್ದೇ ಇರುತ್ತಾರೆ.

ಒಂದನ್ನು ಮಾತ್ರ ಬಹುಪಾಲು ಜನ ಕೊಳ್ಳುವುದೇ ಇಲ್ಲ. ಅದು ಇಯರ್ ಪ್ಲಗ್. ಸ್ಪೀಕರುಗಳ ಪಕ್ಕ ಕಿವಿಗೆ ಹತ್ತಿ ತುರುಕಿಕೊಂಡವರನ್ನು ಕಂಡಿರಬಹುದು. ಹತ್ತಿ ತಡೆಯುವ ಸದ್ದು ತೀರಾ ಕಡಿಮೆ. ಅಮೆರಿಕದ ನಿಯೋಶ್ ಸಂಸ್ಥೆಯ ಶಿಫಾರಸಿನ ಪ್ರಕಾರ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಅಲ್ಲಿಂದ ಪ್ರತಿ 3 ಡೆಸಿಬೆಲ್ಲಿಗೆ ಈ ಅವಧಿ ಅರ್ಧವಾಗುತ್ತದೆ. 100 ಡೆಸಿಬೆಲ್ಲಿಗೆ ಬರುವಷ್ಟರಲ್ಲಿ ಉಳಿಯುವುದು 15 ನಿಮಿಷ. ಡಿಜೆ ರಾತ್ರಿಯಲ್ಲಿ ನಾಲ್ಕು ಗಂಟೆ ನಿಲ್ಲುವ ತಂತ್ರಜ್ಞರ ಒಳಗಿವಿಯ ಕೂದಲಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಫೋಮ್ ಪ್ಲಗ್ ಅಗ್ಗ, ಆದರೆ ತೀಕ್ಷ್ಣ ಸ್ವರಗಳನ್ನೇ ಹೆಚ್ಚು ನುಂಗುವುದರಿಂದ ಮಿಕ್ಸಿಂಗ್ ಮಾಡುವುದು ಕಷ್ಟ. ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಸಮನಾಗಿ ತಗ್ಗಿಸುವ ಫಿಲ್ಟರ್ ಪ್ಲಗ್‌ಗಳು ಸಂಗೀತಗಾರರಿಗೆಂದೇ ಸಿಗುತ್ತವೆ. ಬೆಲೆ ಸ್ವಲ್ಪ ಜಾಸ್ತಿ, ಆದರೆ ಹಾಕಿಕೊಂಡೇ ಮಿಕ್ಸ್ ಮಾಡಬಹುದು.