ಪ್ರನಾಳದಲ್ಲಿ ನಿಜವಾಗಿ ಆದದ್ದೇನು? ನಿವ್ವಳ ಅಯಾನಿಕ ಸಮೀಕರಣ ಬರೆಯುವ ಕ್ರಮ

ಕಾಸರಗೋಡಿನಲ್ಲಿ ಹತ್ತನೆಯ ತರಗತಿವರೆಗೆ ಕನ್ನಡದಲ್ಲಿ ಕಲಿತು, ಪ್ಲಸ್ ಟೂವಿಗೆ ಬಂದಾಗ ಒಮ್ಮೆಲೇ ಇಂಗ್ಲಿಷಿಗೆ ದಾಟಿದವರಲ್ಲಿ ನಾನೂ ಒಬ್ಬ. ಪದಗಳೆಲ್ಲ ಬದಲಾದಾಗ ಸಮೀಕರಣವನ್ನು ಬಾಯಿಪಾಠ ಮಾಡುವುದೇ ಸುಲಭ ಅಂತ ಕಾಣ್ತದೆ. ನಾನೂ ಅದನ್ನೇ ಮಾಡಿದ್ದೆ.

ಲವಣ ವಿಶ್ಲೇಷಣೆಯ ದಿನ ಸೋಡಿಯಂ ಸಲ್ಫೇಟ್ ದ್ರಾವಣಕ್ಕೆ ಬೇರಿಯಂ ಕ್ಲೋರೈಡ್ ದ್ರಾವಣ ಹಾಕಿದೆ. ಬಿಳಿ ಪ್ರಕ್ಷೇಪ ಬಂತು. ರೆಕಾರ್ಡಿನಲ್ಲಿ ‘ಬೇರಿಯಂ ಸಲ್ಫೇಟ್ ಮತ್ತು ಸೋಡಿಯಂ ಕ್ಲೋರೈಡ್ ಉಂಟಾದವು’ ಎಂದು ಬರೆದೆ. ಅಧ್ಯಾಪಕರು ಕೇಳಿದರು: “ಬೇರಿಯಂ ಸಲ್ಫೇಟ್ ಕಾಣ್ತದೆ. ಸೋಡಿಯಂ ಕ್ಲೋರೈಡ್ ಎಲ್ಲುಂಟು, ತೋರಿಸು?” ನನ್ನಲ್ಲಿ ಉತ್ತರ ಇರಲಿಲ್ಲ.

ಉತ್ತರ ಸಿಗುವುದು ಮೂರು ಹಂತಗಳಲ್ಲಿ.

ಮೊದಲು, ಸರಿದೂಗಿಸಿದ ಪೂರ್ಣ ಸಮೀಕರಣ ಬರೆದು, ಯಾವುದು ನೀರಿನಲ್ಲಿ ಕರಗಿದೆ, ಯಾವುದು ಘನ ಎಂದು ಗುರುತು ಹಾಕಬೇಕು. ಇಲ್ಲಿ ಬೇರಿಯಂ ಸಲ್ಫೇಟ್ ಮಾತ್ರ ಘನ.

ಎರಡನೆಯದಾಗಿ, ಕರಗಿದ ಲವಣಗಳನ್ನು ಅಯಾನುಗಳಾಗಿ ಬಿಡಿಸಬೇಕು. ಎಡಗಡೆ ಒಂದು ಬೇರಿಯಂ (2+), ಎರಡು ಕ್ಲೋರೈಡ್ (1−), ಎರಡು ಸೋಡಿಯಂ (1+), ಒಂದು ಸಲ್ಫೇಟ್ (2−). ಬಲಗಡೆ ಘನ ಬೇರಿಯಂ ಸಲ್ಫೇಟ್, ಎರಡು ಸೋಡಿಯಂ, ಎರಡು ಕ್ಲೋರೈಡ್. ತಪ್ಪು ಆಗುವುದು ಇಲ್ಲೇ. ಘನವನ್ನು ಬಿಡಿಸಬಾರದು. ಸಲ್ಫೇಟನ್ನು ಗಂಧಕ, ಆಮ್ಲಜನಕ ಎಂದು ಒಡೆಯಲೂಬಾರದು. ಅದು ಇಡಿಯಾಗಿ ಒಂದೇ ಅಯಾನು.

ಮೂರನೆಯದಾಗಿ, ಎರಡೂ ಕಡೆ ಬದಲಾಗದೆ ಇರುವುದನ್ನು ಹೊಡೆದುಹಾಕಬೇಕು. ಸೋಡಿಯಂ, ಕ್ಲೋರೈಡ್ ಎರಡೂ ಹೋಗ್ತವೆ. ಇವು ಪ್ರೇಕ್ಷಕ ಅಯಾನುಗಳು. ಬಯಲಾಟಕ್ಕೆ ಬಂದು ಕೂತವರ ಹಾಗೆ: ಇದ್ದಾರೆ, ಆದರೆ ವೇಷ ಕಟ್ಟಿಲ್ಲ. ಅಂಗಡಿ ಲೆಕ್ಕದಲ್ಲಿ ಹೇಳುವ ಹಾಗೆ ನಿವ್ವಳವಾಗಿ ಉಳಿಯುವುದು ಇಷ್ಟೇ:

ಬೇರಿಯಂ ಅಯಾನು (2+) + ಸಲ್ಫೇಟ್ ಅಯಾನು (2−) → ಬೇರಿಯಂ ಸಲ್ಫೇಟ್ (ಘನ)

ಪರಮಾಣುಗಳ ಜೊತೆ ಆವೇಶವನ್ನೂ ತಾಳೆ ನೋಡಿ. ಎಡಗಡೆ ಒಟ್ಟು ಸೊನ್ನೆ, ಬಲಗಡೆಯೂ ಸೊನ್ನೆ. ಸರಿ ಉಂಟು.

ಈಗ ಸೋಡಿಯಂ ಸಲ್ಫೇಟ್ ಬದಲು ಮೆಗ್ನೀಸಿಯಂ ಸಲ್ಫೇಟ್ ತೆಗೆದುಕೊಳ್ಳಿ. ಪೂರ್ಣ ಸಮೀಕರಣ ಬೇರೆ ಆಗ್ತದೆ, ನಿವ್ವಳ ಸಮೀಕರಣ ಅದೇ. ಹಾಗಾಗಿಯೇ ಇದು ಯಾವುದೋ ಒಂದು ಲವಣದ ಪರೀಕ್ಷೆ ಅಲ್ಲ, ಸಲ್ಫೇಟ್ ಅಯಾನಿನ ಪರೀಕ್ಷೆ. ಇನ್ನು ಸೋಡಿಯಂ ಕ್ಲೋರೈಡಿಗೆ ಪೊಟ್ಯಾಸಿಯಂ ನೈಟ್ರೇಟ್ ಬೆರೆಸಿದರೆ? ಎಲ್ಲವೂ ಹೊಡೆದುಹೋಗಿ ಏನೂ ಉಳಿಯುವುದಿಲ್ಲ. ಅಂದರೆ ಅಲ್ಲಿ ಕ್ರಿಯೆಯೇ ನಡೆದಿಲ್ಲ.

ಇದು ಬರೀ ಅಂಕದ ವಿಷಯ ಅಲ್ಲ. ಕರಗಿದ ಬೇರಿಯಂ ಅಯಾನು ವಿಷ. ಲ್ಯಾಬಿನ ಬೇರಿಯಂ ಕ್ಲೋರೈಡ್ ಮುಟ್ಟಿದರೆ ಕೈ ತೊಳೆಯಲೇಬೇಕು. ಆದರೆ ಜಠರ, ಕರುಳಿನ ಎಕ್ಸ್‌ರೇಗೆ ಮೊದಲು ಕುಡಿಸುವುದು ಬೇರಿಯಂ ಸಲ್ಫೇಟನ್ನೇ. ಅದು ಕರಗುವುದು ತೀರಾ ಅತ್ಯಲ್ಪ, ಆದ್ದರಿಂದ ಅಯಾನು ರಕ್ತಕ್ಕೆ ಸೇರುವುದಿಲ್ಲ. ಬೇರಿಯಂ ವಿಷ ಹೊಟ್ಟೆಗೆ ಹೋದವರಿಗೆ ಸೋಡಿಯಂ ಅಥವಾ ಮೆಗ್ನೀಸಿಯಂ ಸಲ್ಫೇಟ್ ಕೊಡುವ ಚಿಕಿತ್ಸೆಯ ಹಿಂದೆ ಇರುವುದೂ ಇದೇ ಒಂದು ಸಾಲಿನ ಸಮೀಕರಣ.

ಅಧ್ಯಾಪಕರ ಪ್ರಶ್ನೆಗೆ ಈಗ ಉತ್ತರ ಹೇಳಬಲ್ಲೆ. ಆ ಪ್ರನಾಳದಲ್ಲಿ ಸೋಡಿಯಂ ಕ್ಲೋರೈಡ್ ಎಂಬ ಹೊಸ ವಸ್ತು ಹುಟ್ಟಲೇ ಇಲ್ಲ ಸರ್. ಸೋಡಿಯಂ ಅಯಾನು, ಕ್ಲೋರೈಡ್ ಅಯಾನು ಮೊದಲು ಹೇಗಿದ್ದವೋ ಹಾಗೇ ನೀರಿನಲ್ಲಿ ಉಂಟು.